ಹಳೆಯ ಕಾರುಗಳಲ್ಲಿ ಸ್ಟಾರ್ಟಿಂಗ್ ವಿದ್ಯುತ್ ದೋಷಗಳು

ಹಳೆಯ ಕಾರು ಸ್ಟಾರ್ಟ್ ಆಗದಿದ್ದಾಗ ಬ್ಯಾಟರಿ, ಸ್ಟಾರ್ಟರ್ ಮೋಟಾರು, ಇಗ್ನಿಷನ್ ಹಾಗೂ ಅವುಗಳನ್ನು ಜೋಡಿಸುವ ತಂತಿಗಳಲ್ಲಿರುವ ದೋಷವನ್ನು ಕ್ರಮವಾಗಿ ಪತ್ತೆಹಚ್ಚುವ ವಿಧಾನವನ್ನು ಈ ಲೇಖನ ವಿವರಿಸುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ, ಕಾರ್ಬ್ಯುರೇಟರ್ ಮತ್ತು ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟ್ ಹೊಂದಿರುವ 12 ವೋಲ್ಟಿನ ಪೆಟ್ರೋಲ್ ಕಾರುಗಳಿಗೆ ಇದು ಅನ್ವಯಿಸುತ್ತದೆ.

ಹಿನ್ನೆಲೆ

ವಿದ್ಯುತ್ ಸ್ಟಾರ್ಟರ್ ಬರುವ ಮೊದಲು ಎಂಜಿನ್ನನ್ನು ಕೈಹಿಡಿಯಿಂದ ತಿರುಗಿಸಬೇಕಿತ್ತು. ಹಿಡಿ ಹಿಂದಕ್ಕೆ ಒದ್ದು ಕೈ ಮುರಿಯುವುದು ಅಪರೂಪವಾಗಿರಲಿಲ್ಲ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನು ಕ್ಯಾಡಿಲಾಕ್ ತನ್ನ 1912ರ ಕಾರುಗಳಲ್ಲಿ ಅಳವಡಿಸಿತು. ನಮ್ಮ ಗ್ಯಾರೇಜುಗಳಲ್ಲಿ ಸ್ಟಾರ್ಟರಿಗೆ ಇಂದಿಗೂ 'ಸೆಲ್ಫ್' ಎಂದೇ ಹೆಸರು.

ಮೊದಲ ಲಕ್ಷಣಗಳು

ಪರೀಕ್ಷೆಗೆ ಮುನ್ನ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕಬೇಕು. ಹೆಡ್‌ಲೈಟ್ ಉರಿಸಿ ಸೆಲ್ಫ್ ಹೊಡೆದರೆ ದೋಷದ ದಿಕ್ಕು ತಿಳಿಯುತ್ತದೆ. ದೀಪ ಪೂರ್ತಿ ಮಂಕಾಗಿ, ಟಕಟಕ ಸದ್ದು ಬಂದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಕೆಟ್ಟಿದೆ. ದೀಪ ಪ್ರಖರವಾಗಿಯೇ ಇದ್ದು ಏನೂ ಸದ್ದಿಲ್ಲದಿದ್ದರೆ ಸ್ವಿಚ್ಚು, ಸೊಲೆನಾಯ್ಡ್ ಅಥವಾ ಅವುಗಳ ತಂತಿಯನ್ನು ಸಂಶಯಿಸಬೇಕು. ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸ್ಟಾರ್ಟರನ್ನು ಬಿಚ್ಚುವ ಅಗತ್ಯವಿಲ್ಲ; ಪೆಟ್ರೋಲ್ ಅಥವಾ ಕಿಡಿಯ ಕೊರತೆ ಇದೆ ಎಂದರ್ಥ.

ಬ್ಯಾಟರಿ ಮತ್ತು ಅರ್ತ್

ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ, ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ರ ಹತ್ತಿರವಿದ್ದರೆ ಬಹುಪಾಲು ಇಳಿದಿದೆ. ಆದರೆ ವಿಶ್ರಾಂತಿಯ ಅಳತೆಯೊಂದನ್ನೇ ನಂಬಲಾಗದು. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿದೆ, ಇಲ್ಲವೇ ಸ್ಟಾರ್ಟರ್ ಬಿಗಿದುಕೊಂಡು ವಿಪರೀತ ಕರೆಂಟ್ ಎಳೆಯುತ್ತಿದೆ.

ಅನೇಕರು ಈ ಹಂತದಲ್ಲೇ ಹೊಸ ಬ್ಯಾಟರಿ ಕೊಂಡು ಹಣ ಕಳೆದುಕೊಳ್ಳುತ್ತಾರೆ. ಹಳೆಯ ಕಾರುಗಳಲ್ಲಿ ನಿಜವಾದ ಕಾರಣ ಹಲವು ಬಾರಿ ಅರ್ತ್ ಸಂಪರ್ಕವಾಗಿರುತ್ತದೆ. ಸ್ಟಾರ್ಟರ್ ನೂರು ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಎಳೆಯುವುದರಿಂದ, ದೀಪ ಉರಿಸಲು ಸಾಲುವ ತುಕ್ಕು ಹಿಡಿದ ಸಂಪರ್ಕ ಅದಕ್ಕೆ ಸಾಲದು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕುಳಿತಿರುವ ಕಾರಣ ಅದನ್ನೂ ಬಾಡಿಯನ್ನೂ ಜೋಡಿಸುವ ಹೆಣೆದ ಪಟ್ಟಿ ಅತ್ಯಗತ್ಯ. ಎಂಜಿನ್ ಕೆಲಸದ ನಂತರ ಈ ಪಟ್ಟಿಯನ್ನು ಮರೆತರೆ, ಕರೆಂಟ್ ಚೋಕ್ ಅಥವಾ ಆಕ್ಸಲರೇಟರ್ ಕೇಬಲ್ಲಿನ ಮೂಲಕ ಹಿಂದಿರುಗಿ ಅದನ್ನು ಕೆಂಪಗೆ ಕಾಯಿಸಬಲ್ಲದು. ಬೆಂಕಿಯ ಅಪಾಯವೂ ಇದೆ.

ಇದನ್ನು ಪತ್ತೆಹಚ್ಚಲು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ತ್ ಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಯಬೇಕು. ಅಳತೆ 0.2 ವೋಲ್ಟಿಗಿಂತ ಬಹಳ ಹೆಚ್ಚಾದರೆ ಅರ್ತ್ ಸಂಪರ್ಕಗಳನ್ನು ಉಜ್ಜಿ ಬಿಗಿಗೊಳಿಸಬೇಕು. ಮೀಟರ್ ಇಲ್ಲದವರಿಗೆ ಕೈಯೇ ಸಾಕ್ಷಿ: ಸೆಲ್ಫ್ ಹೊಡೆದ ಬಳಿಕ ಬಿಸಿಯಾಗಿರುವ ಟರ್ಮಿನಲ್ಲೇ ಕೆಟ್ಟದ್ದು.

ಕಿಡಿಯ ಪರೀಕ್ಷೆ

ಕೀ ತಿರುಗಿಸಿ, ಕಾಯಿಲಿಗೆ ವೋಲ್ಟೇಜ್ ಬರುತ್ತಿದೆಯೇ ಎಂದು ಮೊದಲು ನೋಡಬೇಕು. ಬಳಿಕ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತಂತಿಗೆ ಟೆಸ್ಟ್ ಲ್ಯಾಂಪ್ ಜೋಡಿಸಿ ಎಂಜಿನ್ನನ್ನು ತಿರುಗಿಸಿದರೆ, ದೀಪ ಮಿನುಗಬೇಕು. ಒಂದೇ ಸಮನೆ ಉರಿದರೆ ಪಾಯಿಂಟ್ ಸುಟ್ಟಿದೆ ಅಥವಾ ಕೂಡುತ್ತಿಲ್ಲ. ಉರಿಯದೇ ಹೋದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಶಾರ್ಟ್ ಆಗಿದೆ ಅಥವಾ ಕಾಯಿಲಿನ ಒಳಸುತ್ತು ಕಡಿದಿದೆ. ಅನೇಕ ಮಾದರಿಗಳಲ್ಲಿ ಪಾಯಿಂಟಿನ ಅಂತರ ಸುಮಾರು 0.4 ಮಿ.ಮೀ.; ನಿಖರ ಅಂಕಿಯನ್ನು ಆಯಾ ಕಾರಿನ ಕೈಪಿಡಿಯಲ್ಲೇ ನೋಡತಕ್ಕದ್ದು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತರೂ ಕಿಡಿ ದಾರಿ ತಪ್ಪುತ್ತದೆ. ಒಣಬಟ್ಟೆಯಿಂದ ಒರೆಸಿ, ಒಳಗೆ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಪರೀಕ್ಷಿಸಬೇಕು.

ಎಚ್ಚರಿಕೆಗಳು

ಬ್ಯಾಟರಿ ಹೊರಸೂಸುವ ಹೈಡ್ರೋಜನ್ ಅನಿಲ ಸಣ್ಣ ಕಿಡಿಗೂ ಸ್ಫೋಟಿಸಬಹುದು. ಆದ್ದರಿಂದ ಬಿಚ್ಚುವಾಗ ಅರ್ತ್ ತಂತಿಯನ್ನು ಮೊದಲು, ಜೋಡಿಸುವಾಗ ಕೊನೆಗೆ ಮುಟ್ಟಬೇಕು. 1960ರ ದಶಕದವರೆಗೆ ಬ್ರಿಟನ್ನಿನ ಅನೇಕ ಕಾರುಗಳಲ್ಲಿ ಧನ ಧ್ರುವವೇ ಅರ್ತ್ ಆಗಿತ್ತು. ಬೇರೆ ಕಾರಿನಿಂದ ಕರೆಂಟ್ ಪಡೆಯುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳದಿದ್ದರೆ ಅನಾಹುತ ಖಂಡಿತ.

ತಳ್ಳಿ ಸ್ಟಾರ್ಟ್ ಮಾಡುವುದು

ಡೈನಮೋ ಇರುವ ಕಾರಿನಲ್ಲಿ ಬ್ಯಾಟರಿ ತೀರ ಇಳಿದಿದ್ದರೂ ಇದು ಕೆಲವೊಮ್ಮೆ ಸಾಧ್ಯ, ಏಕೆಂದರೆ ಡೈನಮೋದಲ್ಲಿ ಉಳಿದಿರುವ ಕಾಂತತ್ವವೇ ವಿದ್ಯುತ್ ಉತ್ಪಾದನೆಗೆ ಆರಂಭ ನೀಡುತ್ತದೆ. ಆಲ್ಟರ್ನೇಟರಿಗೆ ಸಾಮಾನ್ಯವಾಗಿ ಬ್ಯಾಟರಿಯಿಂದ ಅಲ್ಪ ಕರೆಂಟಾದರೂ ಬೇಕು. ಕಾರು ಸ್ಟಾರ್ಟ್ ಆದ ಮೇಲೆ, ಎಂಜಿನ್ ಸ್ವಲ್ಪ ವೇಗವಾಗಿ ಓಡುವಾಗ ಆಲ್ಟರ್ನೇಟರ್ ಕಾರಿನ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಕಾಣದಿದ್ದರೆ, ಮರುದಿನ ಬೆಳಿಗ್ಗೆ ಅದೇ ತೊಂದರೆ ಮರಳುತ್ತದೆ.