ಸೂಜಿಯ ಲೆಕ್ಕ, ಬಸ್ಸಿನ ಲೆಕ್ಕ: ಒಡೆಯರಪಾಳ್ಯದಿಂದ ನೋಡಿದಾಗ ಮ್ಯಾಕುಲಾ ಸವೆತದ ಚಿಕಿತ್ಸಾಕ್ರಮ

ಮುಪ್ಪಿನಲ್ಲಿ ಬರುವ ಮ್ಯಾಕುಲಾ ಸವೆತದ ಒದ್ದೆ ಬಗೆಗೆ ಕಣ್ಣೊಳಗೆ ಕೊಡುವ ಇಂಜೆಕ್ಷನ್ನೇ ಮುಖ್ಯ ಚಿಕಿತ್ಸೆ ಎಂಬ ಬಗ್ಗೆ ಈಗ ವಿವಾದವಿಲ್ಲ. ಅಕ್ಷಿಪಟಲದ ನಡುಭಾಗದಲ್ಲಿ ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತವೆ. ಅವನ್ನು ಬೆಳೆಸುವ ವಿಇಜಿಎಫ್ ಪ್ರೋಟೀನನ್ನು ಔಷಧಿ ತಡೆಯುತ್ತದೆ. ಇಂಥ ಔಷಧಿಯಾದ ರಾನಿಬಿಜುಮ್ಯಾಬಿನ ಗುಣವನ್ನು 2006ರಲ್ಲಿ ಮರೀನಾ ಮತ್ತು ಆಂಕರ್ ಪ್ರಯೋಗಗಳು ತೋರಿಸಿದವು. ಕರುಳಿನ ಕ್ಯಾನ್ಸರಿಗೆಂದು ಬಂದ, ಅಗ್ಗದ ಬೆವಾಸಿಜುಮ್ಯಾಬ್ ತಿಂಗಳಿಗೊಮ್ಮೆ ಕೊಟ್ಟರೆ ಅದಕ್ಕೆ ಸಮ ಎಂದು 2011ರಲ್ಲಿ ಅಮೆರಿಕದ ಕ್ಯಾಟ್ ಪ್ರಯೋಗ ಹೇಳಿತು. ಇದು ಪಶ್ಚಿಮದವರ ಕಾಯಿಲೆಯೆಂಬ ಮಾತೂ ನಿಲ್ಲುವುದಿಲ್ಲ: 40 ದಾಟಿದವರಲ್ಲಿ ಆಂಧ್ರಪ್ರದೇಶದ ಸಮೀಕ್ಷೆ ಶೇ 1.8 ಮಂದಿಯಲ್ಲಿ ಮ್ಯಾಕುಲಾ ಸವೆತವನ್ನೂ, ತಮಿಳುನಾಡಿನ ಅರವಿಂದ ಸಮೀಕ್ಷೆ ಶೇ 2.7 ಮಂದಿಯಲ್ಲಿ ಅದರ ಆರಂಭದ ಹಂತವನ್ನೂ ಕಂಡಿವೆ.

ನನ್ನ ತಕರಾರು ಇರುವುದು ಕ್ಯಾಟ್‌ನ ಇನ್ನೊಂದು ಪಾಠದ ಬಗ್ಗೆ. ಪ್ರತಿ ತಿಂಗಳೂ ಚುಚ್ಚದೆ ಬೇಕೆನಿಸಿದಾಗ ಮಾತ್ರ ಚುಚ್ಚಿದರೂ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ ಎಂಬುದು ಆ ಪಾಠ. ಬಡ ರೋಗಿಗೆ ಇದೇ ಮಿತವ್ಯಯದ ದಾರಿ ಎಂಬ ವಾದ ಅದರಿಂದ ಹುಟ್ಟಿದೆ. ಆದರೆ ಈ ಕ್ರಮದಲ್ಲಿ ಬೆವಾಸಿಜುಮ್ಯಾಬ್ ಪಡೆದವರಿಗೆ ಮೊದಲ ವರ್ಷ ಸರಾಸರಿ 7.7 ಸೂಜಿ ಬಿದ್ದರೂ, ಅವರು 28 ದಿನಕ್ಕೊಮ್ಮೆ ತಪ್ಪದೆ ಪರೀಕ್ಷೆಗೆ ಬರಲೇಬೇಕಿತ್ತು. ಉಳಿದದ್ದು ಸೂಜಿ, ಪ್ರಯಾಣ ಒಂದೂ ಉಳಿಯಲಿಲ್ಲ. ಅವರ ದೃಷ್ಟಿ ಸುಧಾರಿಸಿದ್ದು ದೃಷ್ಟಿಪರೀಕ್ಷೆಯ ಫಲಕದಲ್ಲಿ 5.9 ಅಕ್ಷರದಷ್ಟು, ಪ್ರತಿ ತಿಂಗಳು ಚುಚ್ಚಿಸಿಕೊಂಡವರದು 8.0. ಈ ಎರಡರ ಹೋಲಿಕೆ ನಿರ್ಣಾಯಕವಲ್ಲವೆಂದು ಪ್ರಯೋಗಕರ್ತರೇ ಒಪ್ಪಿದ್ದಾರೆ.

ಈ ಪ್ರಯಾಣದ ಭಾರವನ್ನು ಒಡೆಯರಪಾಳ್ಯದಿಂದ ನೋಡೋಣ. ಅದು ಹನೂರು ತಾಲ್ಲೂಕಿನ ಕಾಡಂಚಿನ ಊರು. ಸುತ್ತ ಸೋಲಿಗರ ಪೋಡುಗಳಿವೆ. ಪಕ್ಕದಲ್ಲೇ 1974ರಲ್ಲಿ ನೆಲೆಗೊಂಡ ಧೊಂಡೆನ್‌ಲಿಂಗ್ ಟಿಬೆಟನ್ ವಸತಿ. ಅಂದು ಇಪ್ಪತ್ತೈದರ ಪ್ರಾಯದಲ್ಲಿ ಬಂದವರಿಗೆ ಈಗ ಎಪ್ಪತ್ತೈದು ದಾಟಿದೆ. ಮೈಸೂರಿನಲ್ಲಿ ಚಿಕಿತ್ಸೆ ಪಡೆಯುವ ಇಲ್ಲಿನ ಅಜ್ಜಿ ಲೊಕ್ಕನಹಳ್ಳಿ ದಾಟಿ ಕೊಳ್ಳೇಗಾಲಕ್ಕೆ ಬಂದು ಮತ್ತೆ ಬಸ್ಸು ಹಿಡಿಯಬೇಕು. 2023ರ ಜೂನ್ 11ರಿಂದ, ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಲ್ಲಿ ಆಕೆಗೆ ಟಿಕೆಟ್ಟಿನ ಖರ್ಚಿಲ್ಲ. ಜೊತೆಗೆ ಬರುವ ಮಗನಿಗೆ ಟಿಕೆಟ್ಟೂ ಇದೆ, ಹೋದ ದಿನಗೂಲಿಯೂ ಇದೆ. ಸ್ಕ್ಯಾನ್ ಮಾಡಿ ‘ಈ ಸಲ ಬೇಡ, ಹೋಗಿಬನ್ನಿ’ ಎಂದು ಕಳಿಸಿದರೆ ಆ ಮನೆಗೆ ಉಳಿತಾಯವಾಯಿತೆಂದು ಯಾವ ಲೆಕ್ಕದಲ್ಲಿ ಹೇಳುವುದು? ಮುಂದಿನ ತಿಂಗಳು ಅವರು ಬರದಿದ್ದರೆ ಅದನ್ನು ಉದಾಸೀನವೆಂದು ಬರೆದುಕೊಳ್ಳುವುದು ಅನ್ಯಾಯ.

ಹಾಗಾದರೆ ಮೂರು ತಿಂಗಳಿಗೊಮ್ಮೆ ಎಂದು ಗೊತ್ತುಮಾಡಬಹುದೇ? 2008ರಲ್ಲಿ ಪ್ರಕಟವಾದ ಪಿಯರ್ ಪ್ರಯೋಗ ಹಾಗೆ ಮಾಡಿ ನೋಡಿತ್ತು. ಮೊದಲ ಮೂರು ಡೋಸಿನ ಲಾಭ ವರ್ಷಾಂತ್ಯಕ್ಕೆ ಕರಗಿತು. ನಾರ್ವೆಯ ಲೂಕಾಸ್ ಪ್ರಯೋಗದ ಕ್ರಮ ಬೇರೆ. ಬಂದಾಗಲೆಲ್ಲ ಸೂಜಿ ಖಚಿತ. ಸೋರಿಕೆ ನಿಂತಿದ್ದರೆ ಮುಂದಿನ ಭೇಟಿಯನ್ನು ಎರಡೆರಡು ವಾರ ದೂಡಿ, ಗರಿಷ್ಠ 12 ವಾರದವರೆಗೆ ಒಯ್ಯುವುದು. ಬೆವಾಸಿಜುಮ್ಯಾಬಿಗೆ ಮೊದಲ ವರ್ಷ 8.8 ಸೂಜಿ, ಸುಧಾರಣೆ 7.9 ಅಕ್ಷರ. ಸೂಜಿ ಒಂದು ಹೆಚ್ಚಾದರೂ ಬರಿಗೈಯಲ್ಲಿ ಮರಳುವ ಪ್ರಯಾಣವಿಲ್ಲ.

ಆದ್ದರಿಂದ ನನ್ನ ವಾದವಿಷ್ಟು: ದೂರದ ಊರಿನ ರೋಗಿಗೆ ಅಂತರ ಹಿಗ್ಗಿಸುವ ಕ್ರಮವೇ ಮಿತವ್ಯಯದ್ದು. ಇದನ್ನು ಹಲವು ಎಚ್ಚರಗಳೊಡನೆ ಹೇಳುತ್ತಿದ್ದೇನೆ. ಕ್ಯಾಟ್ ಮತ್ತು ಲೂಕಾಸ್‌ನ ರೋಗಿಗಳು ಬೇರೆಬೇರೆ. ಅಂಕಿಗಳನ್ನು ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ನೇರ ಹೋಲಿಕೆಯಾಗದು. ಸರಾಸರಿಯ ಹಿಂದೆ, ನಾಲ್ಕು ವಾರ ದಾಟಿದರೆ ಮತ್ತೆ ಸೋರುವ ಕಣ್ಣುಗಳೂ ಇವೆ. ಅವಕ್ಕೆ ಈ ಕ್ರಮದಲ್ಲೂ ಪ್ರಯಾಣ ತಗ್ಗದು. ಪ್ರತಿ ಸೂಜಿಯ ಜೊತೆಗೂ ಕಣ್ಣೊಳಗೆ ಸೋಂಕಾಗುವ ಅಪಾಯ, ಅಪರೂಪವಾದರೂ, ಇದ್ದೇ ಇದೆ. ನೋವು, ಕೆಂಪು ಹೆಚ್ಚಿದರೆ ಅಂದೇ ಆಸ್ಪತ್ರೆ ಸೇರಬೇಕಾದವರಿಗೆ ದೂರವೂ ಒಂದು ಅಪಾಯವೇ.

ಎರಡನೆಯ ವರ್ಷದ ಪ್ರಶ್ನೆ ತೆರೆದೇ ಇದೆ. ಲೂಕಾಸ್‌ನಲ್ಲಿ ಎರಡು ವರ್ಷಕ್ಕೆ ಬೆವಾಸಿಜುಮ್ಯಾಬಿನ ಸರಾಸರಿ 18.2ಕ್ಕೇರಿತು; ಅಂದರೆ ಭಾರ ಇಳಿಯಲಿಲ್ಲ. ಒಂದು ಸೀಸೆಯ ಔಷಧಿಯನ್ನು ಶುಚಿಯಾಗಿ ಹಲವು ಸಿರಿಂಜಿಗೆ ಹಂಚಬಹುದಾದ್ದರಿಂದ, ಒಂದೇ ಸೀಮೆಯವರಿಗೆ ಒಂದೇ ದಿನ ಗೊತ್ತುಮಾಡಿದರೆ ಖರ್ಚೂ ಜೊತೆಗಾರರ ಪಾಡೂ ತಗ್ಗಬಹುದು. ಆದರೆ ಪ್ರತಿ ಕಣ್ಣಿನ ಅಂತರ ಬೇರೆಯಾಗುವ ಕ್ರಮವನ್ನು ಇಂಥ ಸಾಮೂಹಿಕ ದಿನಕ್ಕೆ ಎಷ್ಟರಮಟ್ಟಿಗೆ ಹೊಂದಿಸಬಹುದು ಎಂಬುದನ್ನು ಇಲ್ಲಿನ ರೋಗಿಗಳೊಡನೆಯೇ ಪರೀಕ್ಷಿಸಬೇಕಾಗಿದೆ.