ವಾದಿ, ಪ್ರತಿವಾದಿ

ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದವರು ವಾದಿ. ಆ ದಾವೆಗೆ ಉತ್ತರ ಕೊಡಬೇಕಾದವರು ಪ್ರತಿವಾದಿ. ಹಿಂದೂಸ್ತಾನಿ ಸಂಗೀತದ ವಾದಿ ಸ್ವರವೂ ಸಮಾಜವಾದಿ, ಗಾಂಧಿವಾದಿ ಮುಂತಾದ ಪದಗಳ ಕೊನೆಯ ‘ವಾದಿ’ಯೂ ಇದೇ ಧಾತುವಿನಿಂದ ಬಂದಿದ್ದರೂ ಇಲ್ಲಿ ಪ್ರಸ್ತುತವಲ್ಲ. ಪತ್ರಿಕೆಗಳಲ್ಲೂ ಆಡುಮಾತಿನಲ್ಲೂ ವಾದಿ, ಫಿರ್ಯಾದಿ, ಅರ್ಜಿದಾರ, ಕಕ್ಷಿದಾರ ಎಂಬ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಕೋರ್ಟಿನ ಕಾಗದದಲ್ಲಿ ಮಾತ್ರ ಅವು ಬೇರೆ ಬೇರೆ. ಯಾವ ಕಚೇರಿ, ಯಾವ ಬಗೆಯ ಪ್ರಕರಣ ಎಂಬುದನ್ನು ಪದವೇ ಹೇಳುತ್ತದೆ.

ಹನ್ನೊಂದನೆಯ ಶತಮಾನದ ಕೊನೆ, ಹನ್ನೆರಡನೆಯದರ ಆರಂಭದ ಹೊತ್ತಿಗೆ, ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ವಾದಿ, ಪ್ರತಿವಾದಿ ಪದಗಳಿಗೆ ಕನ್ನಡ ನಾಡಿನ ಮುಖ್ಯ ಆಧಾರ. ಯಾಜ್ಞವಲ್ಕ್ಯಸ್ಮೃತಿಯ ಈ ವ್ಯಾಖ್ಯಾನದ ವ್ಯವಹಾರ ಭಾಗ ಮೊಕದ್ದಮೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ. ದೂರು, ಜವಾಬು, ಸಾಕ್ಷ್ಯ, ತೀರ್ಮಾನ ಎಂದರೆ ಇಂದಿನವರಿಗೂ ಅರ್ಥವಾದೀತು. ಅಲ್ಲಿ ದೂರುವವನು ಅರ್ಥಿ, ಎದುರಿನವನು ಪ್ರತ್ಯರ್ಥಿ. ಸಂಸ್ಕೃತದಲ್ಲಿ ‘ವಾದಿ’ಗೆ ದ್ವಿವಚನ ಹಚ್ಚಿದರೆ ದೂರಿದವನೂ ದೂರಿಸಿಕೊಂಡವನೂ ಇಬ್ಬರೂ ಅದರೊಳಗೆ ಬರುತ್ತಾರೆ. ದ್ವಿವಚನವಿಲ್ಲದ ಕನ್ನಡಕ್ಕೆ ಬಂದಾಗ ವಾದಿ ಒಂದು ಕಡೆಗೆ ನಿಂತ. ಇನ್ನೊಂದು ಕಡೆಗೆ ಪ್ರತಿವಾದಿ ಎಂಬ ಹೆಸರು ಗಟ್ಟಿಯಾಯಿತು. ಅರ್ಥಿ ಇಂದು ವಿದ್ಯಾರ್ಥಿ, ಅಭ್ಯರ್ಥಿಗಳಲ್ಲಿ ಉಳಿದಿದೆಯೇ ಹೊರತು ಕೋರ್ಟಿನಲ್ಲಿಲ್ಲ. ಅರ್ಜಿದಾರನನ್ನು ಅರ್ಥಿಯ ಮೊಮ್ಮಗನೆಂದು ಭಾವಿಸುವುದು ತಪ್ಪು. ಅರ್ಜಿ ಅರಬ್ಬಿಯಿಂದ ಪಾರಸಿಯ ಮೂಲಕ ಬಂದದ್ದು.

ಗೊಂದಲ ಹೆಚ್ಚಾದದ್ದು ಈ ಪಾರಸಿ ಪದರದಲ್ಲಿಯೇ. ದಾವೆ, ವಕೀಲ, ವಕಾಲತ್ತು, ತಕರಾರು, ರಾಜಿ ಎಲ್ಲವೂ ಆ ದಾರಿಯಿಂದ ಬಂದು ಮನೆಮಾತಾದವು. ಪಾರಸಿಯಲ್ಲಿ ‘ಫರ್ಯಾದ್’ ಎಂದರೆ ಮೊರೆ, ‘ಫರ್ಯಾದಿ’ ಎಂದರೆ ಮೊರೆಯಿಟ್ಟವನು. ಕನ್ನಡದಲ್ಲಿ ಫಿರ್ಯಾದಿ ಮನುಷ್ಯನಿಗೂ ಆತ ಕೊಟ್ಟ ಕಾಗದಕ್ಕೂ ಹೆಸರಾಯಿತು. ‘ಫಿರ್ಯಾದಿ ಕೊಟ್ಟರು’ ಎಂಬ ಬಳಕೆ ಬೇರೂರಿದ ಮೇಲೆ ಕೊಟ್ಟವರಿಗೆ ಬೇರೆ ಹೆಸರು ಬೇಕಾಗಿ ‘ಫಿರ್ಯಾದಿದಾರ’ ಹುಟ್ಟಿಕೊಂಡ. ಮೂಲ ಬಲ್ಲವರಿಗೆ ಇದು ಎರಡು ಬಾರಿ ಬಾಲ ಕಟ್ಟಿದಂತೆ ಕಾಣುತ್ತದೆ, ಆದರೆ ಠಾಣೆಯ ಬರವಣಿಗೆಯಲ್ಲಿ ಅದು ಗಟ್ಟಿಯಾಗಿ ನೆಲೆಯೂರಿದೆ. ಪಿರ್ಯಾದಿ, ಪಿರ್ಯಾದು, ಫಿರ್ಯಾದುದಾರ ಎಂಬ ರೂಪಗಳೂ ಉಂಟು.

ಅರಬ್ಬಿಯ ‘ಮುದ್ದಈ’ ದಾವೆ ಹೂಡಿದವನ ಹೆಸರು. ದಾವೆ ಎಂಬ ಪದಕ್ಕೂ ಅದಕ್ಕೂ ಧಾತು ಒಂದೇ. ನೆರೆಯ ತೆಲುಗಿನಲ್ಲಿ ಅದೇ ಪದ ‘ಮುದ್ದಾಯಿ’ಯಾಗಿ ಆರೋಪಿ ಎಂಬ ತದ್ವಿರುದ್ಧ ಅರ್ಥ ಪಡೆದಿದೆ. ಗಡಿ ಜಿಲ್ಲೆಗಳಲ್ಲಿ ಎರಡೂ ಭಾಷೆಯ ಕಾಗದ ಓದುವವರು ಇಲ್ಲಿ ಎಡವಬಾರದು. ಕನ್ನಡ ಪೊಲೀಸರ ‘ಮುದ್ದೆಮಾಲು’, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತು, ಇದೇ ಕುಟುಂಬದ್ದು. ಮಂಡ್ಯದ ರಾಗಿಮುದ್ದೆಗೂ ಅದಕ್ಕೂ ನಂಟಿಲ್ಲ.

ಕಕ್ಷಿದಾರ ಪದದ ತೊಡಕು ಬೇರೆ. ಕಕ್ಷಿ ಎಂದರೆ ಪಕ್ಷ, ಬಣ. ತೆಲುಗು, ಮಲಯಾಳಂಗಳಲ್ಲಿ ಕಕ್ಷಿ, ತಮಿಳಿನಲ್ಲಿ ಕಟ್ಚಿ. ಮರಾಠಿ, ಹಿಂದಿಗಳು ‘ಪಕ್ಷಕಾರ’ ಎನ್ನುತ್ತವೆ. ಆದ್ದರಿಂದ ಕಕ್ಷಿದಾರ ದಕ್ಷಿಣದ ಪದ. ನ್ಯಾಯಾಧೀಶರ ಬಾಯಲ್ಲಿ ಉಭಯ ಕಕ್ಷಿದಾರರು ಎಂದರೆ ವಾದಿ, ಪ್ರತಿವಾದಿ ಇಬ್ಬರೂ. ವಕೀಲರ ನೋಟಿಸಿನಲ್ಲಿ ‘ನಮ್ಮ ಕಕ್ಷಿದಾರರು’ ಎಂದರೆ ಅವರಿಗೆ ವಕಾಲತ್ತು ಕೊಟ್ಟವರು ಮಾತ್ರ. ಎರಡೂ ಸರಿ, ಯಾರು ಹೇಳುತ್ತಿದ್ದಾರೆಂದು ನೋಡಿಕೊಳ್ಳಬೇಕು.

ಮೈಸೂರು ಸೀಮೆಯಲ್ಲಿ 1884ರಲ್ಲಿ ಚೀಫ್ ಕೋರ್ಟ್ ಸ್ಥಾಪನೆಯಾಯಿತು, 1930ರಲ್ಲಿ ಅದು ಹೈಕೋರ್ಟೆನಿಸಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ದಾವಾ ಅರ್ಜಿಯಲ್ಲಿ ಎರಡೂ ಕಡೆಯವರ ಹೆಸರು, ವಿವರ, ವಾಸಸ್ಥಳ ಇರಬೇಕೆಂದಿತು. ಇಂಥ ಅರ್ಜಿಗಳಲ್ಲಿ ‘1ನೇ ಪ್ರತಿವಾದಿ’, ‘2ನೇ ಪ್ರತಿವಾದಿ’ ಎಂಬ ಎಣಿಕೆಯ ಶಿರೋನಾಮೆಗಳು ರೂಢಿಯಾದವು.

ನಿಜವಾದ ತಿರುವು ಕಾಣುವುದು ಹಳ್ಳಿಯ ಪಾಲುದಾವೆಗಳಲ್ಲಿ. ಮಂಡ್ಯ ತಾಲ್ಲೂಕಿನ ಹೊಳಲಿನ ಒಂದು ಜಮೀನನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಪಹಣಿಯಲ್ಲಿ ಹೆಸರು ಸೇರಿಸುವ ತಕರಾರು 1964ರ ಭೂಕಂದಾಯ ಕಾಯಿದೆಯಂತೆ ತಹಸೀಲ್ದಾರರ ಮುಂದೆ ಹೋದರೆ ಅಲ್ಲಿ ಅರ್ಜಿದಾರ, ಎದುರುದಾರ. ಉಪವಿಭಾಗಾಧಿಕಾರಿಯ ಮುಂದೆ ಮೇಲ್ಮನವಿದಾರ. ಅದೇ ಅಣ್ಣತಮ್ಮಂದಿರು ಪಾಲು ಕೇಳಿ ಸಿವಿಲ್ ಕೋರ್ಟಿಗೆ ಬಂದರೆ ವಾದಿ, ಪ್ರತಿವಾದಿ. ಬದುವಿನ ಜಗಳ ಠಾಣೆ ಹತ್ತಿದರೆ ಫಿರ್ಯಾದಿ, ಆರೋಪಿ. ಮನುಷ್ಯರು ಅವರೇ, ಸರ್ವೆ ನಂಬರೂ ಅದೇ, ಹೆಸರು ನಾಲ್ಕು.

ಈ ಶಿರೋನಾಮೆಗಳಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವ ವಾದಿಗಳಾಗಿ ಕಾಣಿಸಿಕೊಳ್ಳಲು ಕಾಯಿದೆಯೇ ಬದಲಾಗಬೇಕಾಯಿತು. ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ವಿಧವೆ, ತಾಯಿ, ಅವಿವಾಹಿತ ಮಗಳಿಗೆ ಕೆಲವು ಸಂದರ್ಭಗಳಲ್ಲಿ ಪಾಲು ಕೊಟ್ಟಿತು. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು, ಕೇಂದ್ರದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಮೇಲೆ ಮಗಳು ಹುಟ್ಟಿನಿಂದಲೇ ಸಹಭಾಗಿ. ಸುಪ್ರೀಂ ಕೋರ್ಟಿನ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಉಳಿದಿದ್ದ ಸಂದೇಹವನ್ನೂ ತೆಗೆಯಿತು. ಆದರೂ ‘ವಾದಿನಿ’ ಎಂಬ ರೂಪ ಕೋರ್ಟಿನಲ್ಲಿ ಬೇರುಬಿಡಲಿಲ್ಲ; ಅಕ್ಕತಂಗಿಯರೂ ‘ವಾದಿ’ಗಳೇ.

ರಿಟ್ ಪ್ರಕರಣಗಳಲ್ಲಿ ವಾದಿ ಇರುವುದಿಲ್ಲ, ಅರ್ಜಿದಾರರಷ್ಟೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಕೇರಳ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರು ಅರ್ಜಿದಾರರು. 13 ನ್ಯಾಯಮೂರ್ತಿಗಳು 68 ದಿನ ಕೇಳಿ 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಸಂವಿಧಾನದ ಮೂಲಸ್ವರೂಪ ಸಿದ್ಧಾಂತ ಸಾರಿದರು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಉರು ಹೊಡೆಯುವ ಕಕ್ಷಿದಾರನ ಹೆಸರು ಒಬ್ಬ ಕನ್ನಡ ಯತಿಯದು.

ಕಾವೇರಿ ವ್ಯಾಜ್ಯದಲ್ಲಿ ಈ ಪದಗಳು ಇನ್ನಷ್ಟು ಕಲಸಿಹೋಗಿವೆ. ವಿಶ್ವೇಶ್ವರಯ್ಯ ನಾಲೆಯ ನೀರು ನೆಚ್ಚಿದ ಮಂಡ್ಯ, ಮದ್ದೂರು, ಮಳವಳ್ಳಿಯ ರೈತರು ನ್ಯಾಯಮಂಡಳಿಯ ಮುಂದೆ ಕಕ್ಷಿದಾರರಲ್ಲ; 1956ರ ಅಂತರರಾಜ್ಯ ಜಲವಿವಾದ ಕಾಯಿದೆಯಂತೆ ಕಕ್ಷಿಗಳು ರಾಜ್ಯಗಳು. ಆದರೆ 1990ರ ಜೂನ್ 2ರಂದು ನ್ಯಾಯಮಂಡಳಿ ರಚನೆಯಾಗಲು ಕಾರಣವಾದ ಸುಪ್ರೀಂ ಕೋರ್ಟ್ ಆದೇಶ ಬಂದದ್ದು ತಮಿಳುನಾಡಿನ ರೈತ ಸಂಘವೊಂದು 1983ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇಲೆ. 2007ರ ಐತೀರ್ಪನ್ನು ಕರ್ನಾಟಕ, ತಮಿಳುನಾಡು, ಕೇರಳ ಮೂರೂ ಪ್ರಶ್ನಿಸಿದ್ದರಿಂದ ಒಂದು ಕಡತದಲ್ಲಿ ಮೇಲ್ಮನವಿದಾರನಾದ ಕರ್ನಾಟಕ ಪಕ್ಕದ ಕಡತದಲ್ಲಿ ಎದುರುದಾರ. ಎಲ್ಲ ಮೇಲ್ಮನವಿಗಳಿಗೂ ಒಂದೇ ತೀರ್ಪು 2018ರ ಫೆಬ್ರುವರಿ 16ರಂದು ಬಂತು. ಕರ್ನಾಟಕದ ಪಾಲು 14.75 ಟಿಎಂಸಿ ಹೆಚ್ಚಿ 284.75 ಆಯಿತು.