ಬಾಡಿಗೆಯ ಮನೆಯೂ ದಲ್ಲಾಳಿಯ ಹಣವೂ

ನಮ್ಮ ದನದ ಜಾತ್ರೆಗಳಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಲ್ಲಾಳಿಯನ್ನು ಕಂಡವರಿಗೆ ಆ ಕಸುಬಿನ ಮರ್ಮ ತಿಳಿಯದ್ದಲ್ಲ. ಮಾರುವವನಿಗೂ ಕೊಳ್ಳುವವನಿಗೂ ಆತ ಬೇಕಾದವನು. ಆದರೆ ಮನೆಯ ಒಡೆಯ ಕರೆಸಿಕೊಂಡ ದಲ್ಲಾಳಿಗೆ ಬಾಡಿಗೆದಾರನೇ ಹಣ ತೆರಬೇಕೆಂಬ ವಿಚಿತ್ರ ಪದ್ಧತಿಯೊಂದು ನ್ಯೂಯಾರ್ಕ್ ಮಹಾನಗರದಲ್ಲಿ ಬಹುಕಾಲ ನಡೆದುಬಂದಿತು.

ಆ ಹಣವೂ ಅಲ್ಪವಲ್ಲ. ಒಂದು ತಿಂಗಳ ಬಾಡಿಗೆಯಿಂದ ಹಿಡಿದು ವರ್ಷದ ಬಾಡಿಗೆಯ ನೂರಕ್ಕೆ 15ರವರೆಗೂ ಅದು ಏರುತ್ತಿತ್ತು. ತಿಂಗಳಿಗೆ 3,000 ಡಾಲರಿನ ಮನೆಯೆಂದಿಟ್ಟುಕೊಳ್ಳಿ. ಮೊದಲ ತಿಂಗಳ ಬಾಡಿಗೆ, ಅಷ್ಟೇ ಮೊತ್ತದ ಠೇವಣಿ, ದಲ್ಲಾಳಿಗೆ 5,400: ಹೊಸಿಲು ದಾಟುವ ಮುನ್ನವೇ 11,400 ಡಾಲರು! ಠೇವಣಿ ಎಂದಾದರೂ ಮರಳೀತು. ದಲ್ಲಾಳಿಗೆ ಕೊಟ್ಟದ್ದು ಕೊಟ್ಟಂತೆಯೇ.

ಇದರ ಬೇರು ಮನೆಗಳ ಅಭಾವದಲ್ಲಿದೆ. ಮಹಾಯುದ್ಧದ ನಡುವೆ, 1943ರ ನವೆಂಬರಿನಲ್ಲಿ, ಸರ್ಕಾರ ಅಲ್ಲಿನ ಬಾಡಿಗೆಗಳನ್ನು ಆ ವರ್ಷದ ಮಾರ್ಚ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧ ಮುಗಿದು ಸೈನಿಕರು ಮರಳಿದರು, ಮನೆಗಳು ಸಾಲಲಿಲ್ಲ. ಮುಂಬಾಗಿಲಲ್ಲಿ ತಡೆದ ಹಣ ಹಿತ್ತಿಲ ಬಾಗಿಲಿನಿಂದ 'ಕೀಲಿಕೈಯ ಹಣ'ವೆಂಬ ಹೆಸರಿನಲ್ಲಿ ಒಳಹೊಕ್ಕಿತು. ಹೋಟೆಲು, ಗಿರಣಿಗಳನ್ನು ನಂಬಿ ಮುಂಬಯಿಗೆ ಹೋದ ನಮ್ಮ ಕರಾವಳಿಯವರಿಗೆ ಇಲ್ಲಿ 'ಪಗಡಿ' ನೆನಪಾಗದಿರದು. 1947ರ ಮುಂಬಯಿ ಕಾನೂನು ಬಾಡಿಗೆಯನ್ನು 1940ರ ಮಟ್ಟಕ್ಕೆ ಬಿಗಿದಾಗ ಬೆಳೆದ ಆ ಗುಟ್ಟಿನ ವ್ಯವಹಾರಕ್ಕೆ 1999ರ ಮಹಾರಾಷ್ಟ್ರ ಕಾಯ್ದೆ ನ್ಯಾಯದ ಮುದ್ರೆಯನ್ನೇ ಒತ್ತಿತು.

ನ್ಯೂಯಾರ್ಕಿನ ಅಭಾವವಾದರೂ ತೀರಲಿಲ್ಲ. 2023ರ ಗಣತಿಯಲ್ಲಿ ಬಾಡಿಗೆಗೆ ಖಾಲಿಯಿದ್ದ ಮನೆಗಳು ನೂರಕ್ಕೆ 1.41 ಮಾತ್ರ. ಅಂಥಲ್ಲಿ ಬಾಡಿಗೆದಾರ ಚೌಕಾಸಿ ಮಾಡುವುದೆಂತು? 2020ರ ಫೆಬ್ರವರಿಯಲ್ಲಿ ರಾಜ್ಯದ ಇಲಾಖೆಯೊಂದು, ಹಿಂದಿನ ವರ್ಷದ ಕಾನೂನಿಗೆ ಅರ್ಥ ಹೇಳುತ್ತ, ಒಡೆಯನ ದಲ್ಲಾಳಿಗೆ ಬಾಡಿಗೆದಾರ ಹಣ ಕೊಡಬೇಕಾಗಿಲ್ಲವೆಂದು ಸಾರಿತು. ದಲ್ಲಾಳಿಗಳು ಕೆಲವೇ ದಿನಗಳಲ್ಲಿ ತಡೆಯಾಜ್ಞೆ ತಂದರು. 2021ರಲ್ಲಿ ನ್ಯಾಯಾಲಯ ಆ ಅರ್ಥವನ್ನೇ ತಳ್ಳಿಹಾಕಿತು. ಕೊನೆಗೆ 2024ರ ನವೆಂಬರಿನಲ್ಲಿ ನಗರಸಭೆ 42–8 ಮತಗಳಿಂದ ಹೊಸ ಕಾನೂನನ್ನು ಅಂಗೀಕರಿಸಿತು. ಮೇಯರರು ಸಹಿಯನ್ನೂ ಹಾಕಲಿಲ್ಲ, ತಡೆಯಲೂ ಇಲ್ಲ. 2025ರ ಜೂನ್ 11ರಿಂದ ಅದು ಜಾರಿಗೆ ಬಂದಿತು. ಕರೆಸಿದವನೇ ತೆರಬೇಕು ಎಂಬುದೇ ಅದರ ತಿರುಳು. ಜರ್ಮನಿ 2015ರಲ್ಲಿಯೇ ಈ ನಿಯಮವನ್ನು ಮಾಡಿತ್ತು.

ಒಡೆಯರು ಆ ಹೊರೆಯನ್ನು ಬಾಡಿಗೆಗೇ ಸೇರಿಸಿಬಿಡುತ್ತಾರೆಂಬುದು ವಿರೋಧಿಗಳ ವಾದ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ನಗರದ ಸುಮಾರು 10 ಲಕ್ಷ ಮನೆಗಳ ಬಾಡಿಗೆ ನಿಯಂತ್ರಣದಲ್ಲಿರುವುದರಿಂದ ಅಲ್ಲಿ ಮನಬಂದಂತೆ ಏರಿಸುವಂತಿಲ್ಲ. ಮೇಲಾಗಿ, ತಿಂಗಳು ತಿಂಗಳು ತೆರುವ ಹೆಚ್ಚಳಕ್ಕೂ ಒಂದೇ ಏಟಿಗೆ ಸುರಿಯುವ ಹಣಕ್ಕೂ ಅಂತರವಿದೆ. ಮೊದಲ ದಿನವೇ 5,400 ಡಾಲರು ಸುರಿದವನು ಮಾಳಿಗೆ ಸೋರಿದರೂ, ಮರುವರ್ಷ ಬಾಡಿಗೆ ಏರಿದರೂ ಮನೆ ಬಿಡಲು ಹಿಂಜರಿಯುತ್ತಾನೆ. ಬಿಟ್ಟರೆ ಇನ್ನೊಬ್ಬ ದಲ್ಲಾಳಿಗೆ ಅಷ್ಟೇ ಹಣ ಮತ್ತೆ ಹೊಂದಿಸಬೇಕು. ಒಡೆಯನಿಗೆ ಅದು ಗೊತ್ತಿರುತ್ತಿತ್ತು.